ಎಂಟು ಪಟ್ಟು ಸಾಕು: ಮಾಗಡಿ ಕೆರೆಯ ದಂಡೆಯಲ್ಲಿ ಒಂದು ದುರ್ಬೀನಿನ ಪರೀಕ್ಷೆ

ಹನ್ನೆರಡು ಸಾವಿರ ರೂಪಾಯಿಯೊಳಗೆ ಹಕ್ಕಿ ನೋಡುವ ದುರ್ಬೀನು ಬೇಕೆನ್ನುವವರು 8×42 ಅಳತೆಯದನ್ನು ಕೇಳಿ ತೆಗೆದುಕೊಳ್ಳಿ. 20×50 ಬೇಡ, 30×60 ಅಂತೂ ಬೇಡವೇ ಬೇಡ. ಇಷ್ಟೇ ಓದಿ ಅಂಗಡಿಗೆ ಹೊರಡುವವರು ಧಾರಾಳವಾಗಿ ಹೊರಡಬಹುದು. ಏಕೆ ಎಂದು ಕೇಳುವ ಸ್ವಭಾವದವರಿಗಾಗಿ ಉಳಿದದ್ದನ್ನು ಬರೆಯುತ್ತಿದ್ದೇನೆ.

ನಾನು ಬೆಟಗೇರಿಯಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುವವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ನಮ್ಮ ಅನ್ನ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ದಿನನಿತ್ಯದ ಕೆಲಸವಾದ್ದರಿಂದ ಗಾಜಿನ ವಿಷಯದಲ್ಲಿ ನನ್ನ ಕಣ್ಣು ಕೊಂಚ ಜಗಳಗಂಟ. ದೀಪಾವಳಿ ಕಳೆದು ಹಿಂಗಾರಿನ ಕಡಲೆ ಮೊಳಕೆಯೊಡೆಯುವ ಹೊತ್ತಿಗೆ ಮಾಗಡಿ ಕೆರೆಗೆ ಹೋಗುವ ಚಟ ನನಗೂ ನನ್ನ ಹೆಂಡತಿಗೂ ಇದೆ. ಮೊದಲೆಲ್ಲ ಬರಿಗಣ್ಣಿನಲ್ಲೇ ನೋಡಿ ಬರುತ್ತಿದ್ದೆವು. ನೀರಿನ ನಡುವೆ ಬೂದು ಬಣ್ಣದ ರಾಶಿಯೊಂದು ಕಾಣುತ್ತಿತ್ತು, ಗದ್ದಲ ಕೇಳುತ್ತಿತ್ತು. ಕೊನೆಗೆ ಅವಳೇ, ‘ಇಷ್ಟು ದೂರ ಬಂದು ಗದ್ದಲ ಕೇಳಿಕೊಂಡು ಹೋಗುವುದಾದರೆ ಗದಗದ ಬಸ್ ನಿಲ್ದಾಣವೇ ಸಾಕಲ್ಲ’ ಎಂದಳು. ಹುಬ್ಬಳ್ಳಿಗೆ ಕಾಗದ ತರಲು ಹೋದಾಗ ದುರ್ಬೀನು ವಿಚಾರಿಸಿದ್ದು ಹಾಗೆ.

ಕೊಪ್ಪಿಕರ ರಸ್ತೆಯ ಕಡೆ ಒಂದು ಕ್ಯಾಮೆರಾ ಅಂಗಡಿ. ಹುಡುಗ ಉತ್ಸಾಹಿ. ‘ಸರ್, ಇದು ಇಪ್ಪತ್ತು ಪಟ್ಟು, ಅದು ಬರೀ ಎಂಟು ಪಟ್ಟು. ಬೆಲೆಯೂ ಇದರದೇ ಕಡಿಮೆ’ ಎಂದು 20×50ರ ಪೆಟ್ಟಿಗೆಯನ್ನೇ ಮುಂದಿಟ್ಟ. ಅವನ ಲೆಕ್ಕದಲ್ಲಿ ನಾನು ಕುಣಿದಾಡಬೇಕಿತ್ತು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಚುಕ್ಕೆಯ ಅಗಲ ಸಿಗುತ್ತದೆ. 8×42ರಲ್ಲಿ ಅದು 5.25 ಮಿಲಿಮೀಟರ್, 20×50ರಲ್ಲಿ 2.5. ನಸುಕಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡೂವರೆ ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು ಅರಳಿರುತ್ತದೆ. ಅಷ್ಟು ಅರಳಿದ ಕಣ್ಣಿಗೆ ಸಣ್ಣ ಚುಕ್ಕೆ ಬೆಳಕು ಕೊಟ್ಟರೆ ಹಕ್ಕಿ ಹತ್ತಿರ ಬಂದಿರುತ್ತದೆ, ಆದರೆ ಕತ್ತಲೆಯಲ್ಲಿ ನಿಂತಿರುತ್ತದೆ. ಕೆರೆಯ ಹಕ್ಕಿಗಳನ್ನು ನೋಡಬೇಕಾದದ್ದು ನಸುಕಿನಲ್ಲೇ. ಇನ್ನು ಕೈ ನಡುಕ. ಹಕ್ಕಿ ಇಪ್ಪತ್ತು ಪಟ್ಟು ಹತ್ತಿರ ಬಂದರೆ ನಡುಕವೂ ಇಪ್ಪತ್ತು ಪಟ್ಟು ಆಗುತ್ತದೆ. ಗದಗದ ಗಾಳಿ ಗೊತ್ತಲ್ಲ! ಸುಮ್ಮನೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿಲ್ಲ. ಆ ಗಾಳಿಯಲ್ಲಿ ಮೂರುಗಾಲಿನ ಸ್ಟ್ಯಾಂಡ್ ಇಲ್ಲದೆ ಇಪ್ಪತ್ತು ಪಟ್ಟಿನ ದುರ್ಬೀನು ಹಿಡಿದವರಿಗೆ ಕಾಣುವುದು ಹಕ್ಕಿಯಲ್ಲ, ಹಕ್ಕಿಯ ತಕಧಿಮಿತ.

30×60 ಎಂದು ಬರೆದಿದ್ದ ಇನ್ನೊಂದು ಪೆಟ್ಟಿಗೆ ಅದಕ್ಕಿಂತಲೂ ಅಗ್ಗ. ನನ್ನ ಜೇಬಿನಲ್ಲಿ ಸದಾ ಉಕ್ಕಿನ ಅಳತೆಪಟ್ಟಿ ಇರುತ್ತದೆ. ಗಾಜಿಗೆ ಹಿಡಿದು ನೋಡಿದೆ. ಅರುವತ್ತು ಮಿಲಿಮೀಟರ್ ಇರಬೇಕಾದ ಗಾಜು ಅದರ ಅರ್ಧವೂ ಇರಲಿಲ್ಲ. ಹುಡುಗ ನಕ್ಕ, ನಾನೂ ನಕ್ಕೆ. ಅದರ ಗಾಜಿಗೆ ಬಳಿದಿದ್ದ ಫಳಫಳ ಕೆಂಪು ಲೇಪವನ್ನು ನೋಡಿ ಮೋಸ ಹೋಗುವವರೂ ಬಹಳ. ಆ ಲೇಪ ಕೆಂಪು ಬೆಳಕನ್ನು ಹೊರಗೇ ತಿರುಗಿಸಿ ಕಳಿಸುತ್ತದೆ, ಒಳಗೆ ನೋಡಿದರೆ ಜಗತ್ತೆಲ್ಲ ಹಸಿರು ನೀಲಿಯಾಗಿ ಕಾಣುತ್ತದೆ. ಚಕ್ರವಾಕದ ಕಿತ್ತಳೆ ಮೈ, ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿ, ಹೆಬ್ಬಾತಿನ ಹಳದಿ ಕೊಕ್ಕು ಇವುಗಳನ್ನು ನೋಡಲು ಹೋಗುವವನು ಬಣ್ಣವನ್ನು ಮನೆಯಲ್ಲೇ ಬಿಟ್ಟು ಹೋದ ಹಾಗೆ.

8×42ರಲ್ಲೂ ಎರಡು ಮೂರು ಕಂಪನಿಯವನ್ನು ತೆಗೆಸಿ ನೋಡಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಅಳತೆಯಲ್ಲಿ, ಈ ಬೆಲೆಯಲ್ಲಿ ಹೆಸರಿಗಿಂತ ಕೈಗೆ ಬಂದ ಜೋಡಿ ಹೇಗಿದೆ ಎಂಬುದೇ ಮುಖ್ಯ. ದುರ್ಬೀನನ್ನು ಕಣ್ಣಿನಿಂದ ಒಂದು ಗೇಣು ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ. ಅದು ಪೂರ್ತಿ ದುಂಡಗಿದ್ದರೆ ಒಳಗಿನ ಪಟ್ಟಕಗಳು ‘ಬ್ಯಾಕ್-4’ ಎಂಬ ಒಳ್ಳೆಯ ಗಾಜಿನವು. ಅಂಚು ಕತ್ತರಿಸಿ ಚೌಕಾಕಾರಕ್ಕೆ ತಿರುಗಿದ್ದರೆ ಅಗ್ಗದ ಗಾಜು, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಆಮೇಲೆ ಅಂಗಡಿಯಿಂದ ಹೊರಗೆ ಬಂದು, ಆಕಾಶಕ್ಕೆ ಎದುರಾಗಿರುವ ಕೇಬಲ್ ತಂತಿಯನ್ನು ನೋಡಿ. ಹುಬ್ಬಳ್ಳಿಯಲ್ಲಿ ತಂತಿಗೆ ಬರವಿಲ್ಲ. ತಂತಿಯ ಒಂದು ಅಂಚಿಗೆ ನೇರಳೆ, ಇನ್ನೊಂದು ಅಂಚಿಗೆ ಹಸಿರು ಇಣುಕುತ್ತಿದ್ದರೆ, ಅದು ನಮ್ಮ ಅಚ್ಚಿನಲ್ಲಿ ಬಣ್ಣದ ತಗಡುಗಳು ಸರಿದು ಕೂತಂತೆ. ನಾನು ಕೊಂಡದ್ದರಲ್ಲಿ ನಡುವೆ ಆ ನೇರಳೆ ಇಲ್ಲ, ಅಂಚಿಗೆ ಹೋದಂತೆ ಸ್ವಲ್ಪ ಇದೆ. ಈ ಬೆಲೆಗೆ ಅದನ್ನು ಕ್ಷಮಿಸಬಹುದು. ಒಂದರಲ್ಲಂತೂ ಎರಡು ಕಣ್ಣಿಗೂ ಎರಡು ಬೇರೆ ತಂತಿ ಕಾಣುತ್ತಿತ್ತು. ನಳಿಗೆಗಳೆರಡೂ ಒಂದೇ ಕಡೆ ನೋಡುತ್ತಿಲ್ಲ ಎಂದರ್ಥ. ಅದನ್ನು ಕೊಂಡವರಿಗೆ ಹಕ್ಕಿಗಿಂತ ಮೊದಲು ತಲೆನೋವು ಬರುತ್ತದೆ.

ಇನ್ನು ಮಾಗಡಿಯ ವಿಷಯ. ಗೊತ್ತಿಲ್ಲದವರಿಗಾಗಿ: ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ; ಬೆಂಗಳೂರಿನ ಬಳಿಯ ಮಾಗಡಿಗೆ ಹೋಗಿ ಹೆಬ್ಬಾತು ಹುಡುಕಬೇಡಿ. ಹೊಲಗಳಿಗೆ ನೀರುಣಿಸಲು ಮಳೆನೀರು ನಿಲ್ಲಿಸಿ ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ, ಅವುಗಳಲ್ಲಿ 130 ವಲಸೆಯವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿಗೆ ಬರುತ್ತವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಇದಕ್ಕೂ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ, ಎಂಬ ಮಾನ್ಯತೆ ಸಿಕ್ಕಿತು. ಅಲ್ಲಿಯವರೆಗೆ ರಾಜ್ಯದಲ್ಲಿ ಆ ಮಾನ್ಯತೆ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ಆದರೆ ಇಲ್ಲಿಗೆ ಜನ ಬರುವುದು ಮಾನ್ಯತೆ ನೋಡಿ ಅಲ್ಲ, ಪಟ್ಟೆತಲೆ ಹೆಬ್ಬಾತು ನೋಡಲು. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಮಾಗಡಿಯೂ ಒಂದು.

ನಮ್ಮ ದುರ್ಬೀನಿನ ನಿಜವಾದ ಪರೀಕ್ಷೆ ಆದದ್ದು ಈ ಹೆಬ್ಬಾತಿನ ತಲೆಯ ಮೇಲೆ. ಬಿಳಿಯ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಬರಿಗಣ್ಣಿಗೆ ಪಟ್ಟೆ ಇದೆ ಎಂದು ನಂಬಬೇಕು; ದುರ್ಬೀನಿನಲ್ಲಿ ಎಣಿಸಬಹುದು. ಪಟ್ಟೆಯೇ ಇಲ್ಲದ, ತಲೆಯ ಹಿಂದೆ ಮಾಸಲು ಕಂದು ಬಳಿದಂತಿರುವ ಹಕ್ಕಿಗಳೂ ಗುಂಪಿನಲ್ಲಿ ಇರುತ್ತವೆ ಎಂದು ನಮಗೆ ಗೊತ್ತಾದದ್ದೇ ಆಗ. ಅವು ಆ ವರ್ಷ ಹುಟ್ಟಿದ ಮರಿಗಳು. ಹೆಬ್ಬಾತುಗಳಲ್ಲಿ ಮರಿಗಳು ಮೊದಲ ಚಳಿಗಾಲವಿಡೀ ತಂದೆತಾಯಿಯ ಜೊತೆಗೇ ಇರುತ್ತವೆ. ಒಮ್ಮೆ ಇದು ತಿಳಿದ ಮೇಲೆ, ಬೂದು ರಾಶಿಯಾಗಿ ಕಾಣುತ್ತಿದ್ದದ್ದು ಮನೆಮನೆಯಾಗಿ ಬೇರೆಯಾಯಿತು: ಇದೊಂದು ಸಂಸಾರ, ಅದೊಂದು ಸಂಸಾರ, ನಡುವೆ ಕತ್ತು ಚಾಚಿ ಪಕ್ಕದವರನ್ನು ಗದರುವ ಯಜಮಾನ. ನನ್ನ ಹೆಂಡತಿ ಒಂದು ಸಂಸಾರವನ್ನು ಹಿಡಿದರೆ ಬಿಡುವುದಿಲ್ಲ. ಮರಿಗಳೆಷ್ಟು, ಯಾವುದು ಹಿಂದೆ ಬಿದ್ದಿದೆ, ಯಾವುದಕ್ಕೆ ಹೊಡೆತ ಬಿತ್ತು ಎಂದು ವರದಿ ಒಪ್ಪಿಸುತ್ತಲೇ ಇರುತ್ತಾಳೆ. ದುರ್ಬೀನು ನನ್ನ ಕೈಗೆ ಬರುವುದು ಅವಳು ಚಹಾ ಕುಡಿಯುವಾಗ ಮಾತ್ರ.

ಇವು ಹುಟ್ಟುವುದು ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನಗಳ ಎತ್ತರದ ಸರೋವರಗಳ ಬಳಿ; ನಮ್ಮ ಲಡಾಖಿನಲ್ಲೂ ಕೆಲವು ಮರಿ ಮಾಡುತ್ತವೆ. ಇಲ್ಲಿಗೆ ಬರಬೇಕಾದರೆ ಹಿಮಾಲಯ ದಾಟಲೇಬೇಕು. ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತವೆ ಎಂಬ ಕಥೆಯನ್ನು ದಂಡೆಯ ಮೇಲೆ ಯಾರಾದರೂ ಹೇಳುತ್ತಿರುತ್ತಾರೆ. ಮೈಗೆ ಸಾಧನ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳಿಗೆ ಸಿಕ್ಕ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಕೆಳಗೆ, ನೆಲದ ಏರಿಳಿತವನ್ನೇ ಅನುಸರಿಸಿ, ಕಣಿವೆಗಳ ಮೂಲಕ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನ ಹೊತ್ತನ್ನು ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಜಾತಿಯದು. ಇದು ಎವರೆಸ್ಟಿನ ಕಥೆಗಿಂತ ನನಗೆ ಹೆಚ್ಚು ಹಿಡಿಸಿತು. ಲೆಕ್ಕ ಹಾಕಿ, ಹೊತ್ತು ನೋಡಿ, ದಾರಿ ಆರಿಸಿ ಹಾರುವ ಪ್ರಾಣಿ!

ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇದು, ಬೆಳಿಗ್ಗೆ ಗುಂಪುಗುಂಪಾಗಿ ಕೆರೆಗೆ ಮರಳುತ್ತವೆ. ಆಗ ಕಡಿಮೆ ಪಟ್ಟಿನ ದುರ್ಬೀನಿನ ಇನ್ನೊಂದು ಗುಣ ಗೊತ್ತಾಗುತ್ತದೆ. ನೂರು ಮೀಟರ್ ದೂರದಲ್ಲಿ ನನ್ನದು ಸುಮಾರು ಹದಿಮೂರು ಮೀಟರ್ ಅಗಲದ ನೋಟ ಕೊಡುತ್ತದೆ, ಇಪ್ಪತ್ತು ಪಟ್ಟಿನದು ಅದರ ಅರ್ಧವನ್ನೂ ಕೊಡುವುದಿಲ್ಲ. ಆಕಾಶದಿಂದ ಇಳಿಯುತ್ತಿರುವ ಸಾಲನ್ನು ಹುಡುಕಿ ಹಿಡಿದು, ರೆಕ್ಕೆ ಓರೆ ಮಾಡಿ ಕಾಲು ಮುಂದೆ ಚಾಚಿ ನೀರು ಮುಟ್ಟುವವರೆಗೆ ಬಿಡದೆ ನೋಡಲು ಅಗಲವೇ ಬೇಕು. ಜೌಗು ಸೆಳೆವ ಎಂಬ ಗಿಡುಗ ಕೆರೆಯ ಮೇಲೆ ಒಂದು ಸುತ್ತು ಹಾಕಿದರೆ ಸಣ್ಣ ಬಾತುಗಳೆಲ್ಲ ಒಮ್ಮೆಗೇ ಎದ್ದುಬಿಡುತ್ತವೆ. ಆ ಗಲಿಬಿಲಿಯಲ್ಲಿ ಸೂಜಿಬಾಲದ ಬಾತು ಯಾವುದು, ಸಲಿಕೆ ಕೊಕ್ಕಿನದು ಯಾವುದು ಎಂದು ಬೇರ್ಪಡಿಸುವ ಆಟಕ್ಕೂ ಅಷ್ಟೇ. ಕಂದುಗೆಂಪು ತಲೆಯ ಪೋಚಾರ್ಡ್ ಬಾತನ್ನು ನಾನು ಗುರುತು ಹಿಡಿದದ್ದು ಈ ದುರ್ಬೀನಿನಿಂದಲೇ. ಜಗತ್ತಿನಾದ್ಯಂತ ಅದರ ಸಂಖ್ಯೆ ಇಳಿಯುತ್ತಿದ್ದು, ಅಪಾಯದಂಚಿನ ಪಟ್ಟಿಗೆ ಸೇರಿದೆ.

ಹನ್ನೊಂದು ಗಂಟೆಯ ಮೇಲೆ ಯಾವ ದುರ್ಬೀನೂ ಉಪಯೋಗಕ್ಕಿಲ್ಲ. ಬಿಸಿಲಿಗೆ ಗಾಳಿ ಕುದಿಯತೊಡಗಿ ದೂರದ ಹಕ್ಕಿಗಳು ನೀರಿನೊಳಗಿನ ನೆರಳಿನ ಹಾಗೆ ಅಲುಗುತ್ತವೆ. ಪಟ್ಟು ಹೆಚ್ಚಿದ್ದಷ್ಟೂ ಅಲುಗಾಟ ಹೆಚ್ಚು. ಎದ್ದು ಲಕ್ಷ್ಮೇಶ್ವರಕ್ಕೆ ಹೋಗಿ ಬಿಸಿ ಮಿರ್ಚಿ ಬಜಿ ತಿನ್ನುವುದು ಜಾಣತನ.

ದಂಡೆಯಲ್ಲಿ ಸಿಕ್ಕ ಒಬ್ಬ ರೈತರಿಗೆ ದುರ್ಬೀನು ಕೊಟ್ಟೆ. ಹಕ್ಕಿ ನೋಡಿಯಾರು ಎಂದುಕೊಂಡರೆ, ಅವರು ಹಿಂದಕ್ಕೆ ತಿರುಗಿ ತಮ್ಮ ಹೊಲದ ಕಡೆ ಹಿಡಿದರು. ತಮ್ಮನ ಪಂಪ್‌ಸೆಟ್ ನಡೆಯುತ್ತಿದೆಯೋ ಇಲ್ಲವೋ ನೋಡಬೇಕಿತ್ತಂತೆ. ನಡೆಯುತ್ತಿರಲಿಲ್ಲ. ಫೋನ್ ಮಾಡಿ ಬೈದು, ಆಮೇಲೆ ಸಾವಧಾನವಾಗಿ ಹೆಬ್ಬಾತುಗಳನ್ನು ನೋಡಿದರು. ‘ಅಣ್ಣಾ, ನಿಮಗೆ ಇವು ಚೆಂದ. ನಮಗೆ ಇವು ಬಂದವೆಂದರೆ ರಾತ್ರಿ ಕಡಲೆ ಹೊಲ ಕಾಯುವ ಕೆಲಸ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಿಕ್ಕೆಯನ್ನೂ ಹೊಲದಲ್ಲೇ ಬಿಟ್ಟು ಹೋಗುತ್ತವೆ, ಪೂರಾ ನಷ್ಟವೇನಲ್ಲ’ ಎಂದೂ ಸೇರಿಸಿದರು. ಒಂದು ವೇಳೆ ನಮ್ಮ ಮುದ್ರಣಾಲಯದ ಕಾಗದವನ್ನು ರಾತ್ರಿ ಯಾವುದಾದರೂ ಹಕ್ಕಿ ತಿನ್ನುತ್ತಿದ್ದರೆ ನನ್ನ ಬಾಯಲ್ಲಿ ಅಷ್ಟು ನ್ಯಾಯವಾದ ಮಾತು ಬರುತ್ತಿರಲಿಲ್ಲ.

ಕನ್ನಡಕ ಹಾಕುವವರು ಇದನ್ನು ಗಮನವಿಟ್ಟು ಓದಿ. ಕಣ್ಣು ದುರ್ಬೀನಿನ ಗಾಜಿನಿಂದ ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ನೋಟ ಕಾಣುತ್ತದೆ ಎಂಬ ಅಳತೆಯನ್ನು ‘ಐ ರಿಲೀಫ್’ ಎಂಬ ಹೆಸರಿನಲ್ಲಿ ಪೆಟ್ಟಿಗೆಯಲ್ಲಿ ಕೊಟ್ಟಿರುತ್ತಾರೆ. ಅದು ಕನಿಷ್ಠ 15 ಮಿಲಿಮೀಟರ್ ಇರಬೇಕು. ನನ್ನದರಲ್ಲಿ 17 ಇದೆ. ಅದಕ್ಕಿಂತ ಕಡಿಮೆಯಾದರೆ ಕನ್ನಡಕ ತೆಗೆದು ನೋಡು, ಹಾಕಿಕೊಂಡು ಹುಡುಕು, ಮತ್ತೆ ತೆಗೆ ಎಂದು ಪಾಡು ಪಡಬೇಕಾಗುತ್ತದೆ. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಒಳಗೆ ಇಳಿಸಿಕೊಳ್ಳಿ. ಕನ್ನಡಕವಿಲ್ಲದ ನನ್ನ ಹೆಂಡತಿ ಅದನ್ನು ಹೊರಗೆ ಎಳೆದುಕೊಳ್ಳುತ್ತಾಳೆ, ನಾನು ಒಳಗೆ ಇಳಿಸುತ್ತೇನೆ, ಕೈ ಬದಲಾದಾಗಲೆಲ್ಲ ಈ ತಿರುಪಾಟ. ಬೈಫೋಕಲ್ ಇದ್ದವರು ಗಾಜಿನ ಮೇಲ್ಭಾಗದಿಂದಲೇ ನೋಡಬೇಕು, ಗಲ್ಲ ಸ್ವಲ್ಪ ಕೆಳಗಿರಲಿ. ಬಲಗಣ್ಣಿನ ಬಳಿಯ ಸಣ್ಣ ಬಳೆಯನ್ನು ತಿರುಗಿಸಿ ಎರಡೂ ಕಣ್ಣಿನ ವ್ಯತ್ಯಾಸವನ್ನು ಒಮ್ಮೆ ಸರಿಮಾಡಿಕೊಳ್ಳಲು ಮರೆಯಬೇಡಿ. ಎಷ್ಟೋ ಜನ ಅದನ್ನು ಮುಟ್ಟದೆಯೇ ದುರ್ಬೀನು ಚೆನ್ನಾಗಿಲ್ಲ ಎನ್ನುತ್ತಾರೆ.

ಕೊರತೆಗಳಿಲ್ಲವೇ? ಇವೆ. ಆ ಬಳೆ ಸಡಿಲ. ಚೀಲದಲ್ಲಿ ಹಾಕಿ ತೆಗೆಯುವಷ್ಟರಲ್ಲಿ ಸರಿದಿರುತ್ತದೆ. ನಾನು ಅದರ ಸರಿಯಾದ ಜಾಗಕ್ಕೆ ಬಿಳಿ ಬಣ್ಣದಿಂದ ಗುರುತು ಹಾಕಿಕೊಂಡಿದ್ದೇನೆ. ಮುಂದಿನ ಗಾಜಿನ ಮುಚ್ಚಳಗಳು ತಾವಾಗಿಯೇ ಕಳಚಿ ಬೀಳುತ್ತವೆ. ಒಂದು ಈಗಾಗಲೇ ಕೆರೆಯ ಪಾಲಾಗಿದೆ. ಜೊತೆಗೆ ಕೊಟ್ಟ ಪಟ್ಟಿ ತೆಳುವಾದದ್ದು. ಮುಕ್ಕಾಲು ಕಿಲೋಗೆ ಹತ್ತಿರದ ತೂಕ ಅರ್ಧ ಗಂಟೆಯಲ್ಲಿ ಕತ್ತನ್ನು ಕೊಯ್ಯತೊಡಗುತ್ತದೆ. ಡಿಸೆಂಬರ್ ನಸುಕಿನ ಚಳಿಗೆ ನಡುವಿನ ಚಕ್ರ ಬಿಗಿಯಾಗುತ್ತದೆ, ಬಿಸಿಲೇರಿದ ಮೇಲೆ ಸಡಿಲುತ್ತದೆ. ಎರೆಮಣ್ಣಿನ ಧೂಳು ಚಕ್ರದ ಸಂದಿಗೆ ಹೋಗಿ ಕರಕರ ಎನ್ನುವುದು ಬೇರೆ. ಗಾಜಿನ ಮೇಲೆ ಧೂಳು ಕೂತರೆ ಅಂಗಿಯ ಅಂಚಿನಿಂದ ಒರೆಸಬೇಡಿ; ಮೊದಲು ರಬ್ಬರ್ ಊದುಬುರುಡೆಯಿಂದ ಊದಿ, ಬಳಿಕ ಮೆತ್ತನೆಯ ಕುಂಚ, ಕೊನೆಗಷ್ಟೇ ಬಟ್ಟೆ. ಸ್ಕ್ಯಾನರ್ ಗಾಜನ್ನು ಕೆಲಸದ ಹುಡುಗನೊಬ್ಬ ಅಂಗಿಯಿಂದ ಒರೆಸಿ ಹಾಕಿದ ಗೀರುಗಳಿಗೆ ನಾನು ಈಗಲೂ ದುಡ್ಡು ತೆರುತ್ತಿದ್ದೇನೆ.

ಮಾಗಡಿಗೆ ಮಾತ್ರ ಎಂದುಕೊಳ್ಳಬೇಡಿ. ಹುಬ್ಬಳ್ಳಿಯ ಉಣಕಲ್ ಕೆರೆ, ಧಾರವಾಡದ ಕೆಲಗೇರಿ, ಹಾವೇರಿಯ ಹೆಗ್ಗೇರಿ ಎಲ್ಲ ಕಡೆಯೂ ಇದೇ ಅಳತೆ ಒಗ್ಗುತ್ತದೆ. ಬಿಳಿಜೋಳ ಹಾಲು ಕಟ್ಟುವಾಗ ಗುಲಾಬಿ ಮೈಯ ಕಬ್ಬಕ್ಕಿಗಳು ಹೊಲಕ್ಕೆ ಮುಗಿಬೀಳುತ್ತವಲ್ಲ, ಪೂರ್ವ ಯುರೋಪ್ ಮತ್ತು ಮಧ್ಯ ಏಷ್ಯಾದಿಂದ ಬರುವ ಆ ತಂಡ ಒಂದು ಕ್ಷಣ ಒಂದು ಕಡೆ ನಿಲ್ಲುವುದಿಲ್ಲ. ಅಗಲ ನೋಟವಿಲ್ಲದೆ ಅವನ್ನು ಹಿಂಬಾಲಿಸಲು ಸಾಧ್ಯವೇ ಇಲ್ಲ. ಈ ಜೋಡಿ ಎರಡು ಮೀಟರ್ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಹಾಗಾಗಿ ಕಪ್ಪತಗುಡ್ಡದಲ್ಲಿ ಮಳೆಗಾಲ ಮುಗಿದ ಮೇಲೆ ಚಿಟ್ಟೆಗಳಿಗೂ ಆಗುತ್ತದೆ.

ಇದರಿಂದ ಆಗದ ಕೆಲಸವೂ ಒಂದಿದೆ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪ್ಲಾಸ್ಟಿಕ್ ಪಟ್ಟಿ ತೊಡಿಸುತ್ತಾರೆ. ಅಂಥ ಹಕ್ಕಿಗಳು ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡಿವೆ. ಆ ಅಂಕಿಯನ್ನು ದೂರದಿಂದ ಓದಲು ಎಂಟು ಪಟ್ಟು ಸಾಲದು. ಸ್ಟ್ಯಾಂಡ್ ಮೇಲೆ ಕೂರಿಸುವ ಒಂಟಿ ನಳಿಗೆಯ ದೂರದರ್ಶಕವೇ ಬೇಕು, ಅದರ ಬೆಲೆ ಕೇಳಿದರೆ ನನ್ನಂಥವರು ಹೊಸ ಕಟಿಂಗ್ ಯಂತ್ರದ ಬಗ್ಗೆ ಯೋಚಿಸತೊಡಗುತ್ತಾರೆ. ದೂರದ ಹಕ್ಕಿಯ ಫೋಟೋ ತೆಗೆಯಬೇಕೆನ್ನುವವರಿಗೂ ಇದಲ್ಲ. ಮೊಬೈಲನ್ನು ದುರ್ಬೀನಿನ ಗಾಜಿಗೆ ಒತ್ತಿ ಹಿಡಿದು ಪರದಾಡುವವರನ್ನು ದಂಡೆಯಲ್ಲಿ ಕಾಣುತ್ತೇನೆ. ಅವರು ಹಕ್ಕಿಯನ್ನೂ ನೋಡುವುದಿಲ್ಲ, ಫೋಟೋ ಕೂಡ ಬರುವುದಿಲ್ಲ.

ಕೊಳ್ಳುವುದಾದರೆ ಅಕ್ಟೋಬರ್ ಒಳಗೇ ಕೊಳ್ಳಿ. ಹೆಬ್ಬಾತುಗಳು ನವೆಂಬರಿನಿಂದ ಬರತೊಡಗಿ ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ಕೈ ಪಳಗಲು ನಿಮಗೂ ಸಮಯ ಬೇಕು, ಮನೆಯ ಮುಂದಿನ ಕಾಗೆಗಳ ಮೇಲೆ ಅಭ್ಯಾಸ ಮಾಡಿ. ಬೆಲೆಯಲ್ಲಿ ಚೌಕಾಶಿಗೆ ಅಂಗಡಿಯವರು ಬಗ್ಗುವುದಿಲ್ಲ, ಆದರೆ ಅಗಲವಾದ ಪಟ್ಟಿಯನ್ನು ಪುಕ್ಕಟೆ ಕೊಡಿ ಎಂದರೆ ಬಗ್ಗುತ್ತಾರೆ. ಮುಚ್ಚಳ ಕೂಡ ಒಂದು ಜೊತೆ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.